ಮದುವೆಗೆ ನಮ್ಮೂರ ಕಡೆಯದ್ದೇ ಇರಲಿ

ಹುಬ್ಬಳ್ಳಿಯಲ್ಲಿ ಈಗ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಅದೇ ಪ್ಲಾಸ್ಟಿಕ್ ಹೂವಿನ ಗೋಡೆ, ಅದೇ ಸೆಲ್ಫಿ ಬೋರ್ಡ್. ನನಗಂತೂ ಸಾಕಾಗಿದೆ. ತಂಗಿಯ ಮದುವೆಗೆ ಅದನ್ನೆಲ್ಲ ಬಿಟ್ಟು, ನಮ್ಮ ಕಡೆಯದ್ದನ್ನೇ ಮಾಡಿಸುತ್ತಿದ್ದೇವೆ.

ಮೊದಲು ಕಸೂತಿ. ಧಾರವಾಡದಲ್ಲಿ ಇವತ್ತಿಗೂ ಕೈಯಿಂದ ಹಾಕುವವರಿದ್ದಾರೆ. ಇಳಕಲ್ ಸೀರೆಗೆ ಗೋಪುರ, ತೇರು, ನವಿಲು ಹಾಕಿಸುವುದು ಎಲ್ಲರಿಗೂ ಗೊತ್ತು, ಆದರೆ ನಾವು ಅವಳ ಕುಪ್ಪಸದ ತೋಳಿಗೆ ನಮ್ಮ ಅಂಗಳದ ತುಳಸಿಕಟ್ಟೆ ಬರುವ ಹಾಗೆ ಹೇಳಿದ್ದೇವೆ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ ಕೆಲಸ ಇದು, ಗಂಟು ಹಾಕುವ ಹಾಗಿಲ್ಲ, ಗವಂತಿ ಹೊಲಿಗೆಯಂತೂ ತಿರುವಿ ನೋಡಿದರೂ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಮೊದಲೇ ಹೇಳಿ. ಲಗ್ನಪತ್ರಿಕೆ ಅಚ್ಚಾದ ಮೇಲೆ ಓಡಾಡಿದರೆ ಮಷಿನ್ ಎಂಬ್ರಾಯ್ಡರಿಯೇ ಗತಿ.

ಹಾರ ಹಾವೇರಿಯದು, ಏಲಕ್ಕಿ ಹಾರ. ಬಾಡುವ ಚಿಂತೆ ಇಲ್ಲ, ಘಮ ಬೇರೆ. ಮದುವೆ ಆದಮೇಲೂ ಎತ್ತಿಡಬಹುದು ಅಲ್ವಾ?

ಅರಿಶಿಣದ ದಿನ ಡಿಜೆ ಬೇಡ ಅಂತ ನಾನೇ ಹಠ ಹಿಡಿದಿದ್ದೇನೆ. ದೊಡ್ಡವ್ವನಿಗೆ ಬರುವ ಸೋಬಾನ ಪದಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಒಂದು ಸಾಲು ಹೇಳುತ್ತಾರೆ, ನಡುವೆ ಅದನ್ನು ಹೇಳಿಕೊಟ್ಟ ಗೆಳತಿಯ ಕಥೆ ಶುರುವಾಗುತ್ತದೆ, ಮತ್ತೆ ಪದಕ್ಕೆ ಬರುತ್ತಾರೆ. ಅದನ್ನು ಸಣ್ಣ ಪುಸ್ತಕ ಮಾಡಿಸಿ, ಬಳೆ ಇಡಿಸಿಕೊಳ್ಳಲು ಬಂದ ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತೇವೆ. ಜೊತೆಗೆ ಉಳಿದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ತುಂಡುಗಳಲ್ಲಿ ಹೊಲಿದ ಪುಟ್ಟ ಚೀಲ, ಅದರಲ್ಲಿ ಧಾರವಾಡ ಪೇಡೆ. ಪೇಡೆ ಮಾತ್ರ ಹಿಂದಿನ ದಿನವೇ ತಾಜಾ ತರಬೇಕು, ಆ ಜವಾಬ್ದಾರಿ ಸೋದರಮಾವನದು.