ಪಗ್ ಅಂದರೆ ನಾಯಿ ಮಾತ್ರ ಅಲ್ಲ

ಇಂಗ್ಲಿಷ್–ಕನ್ನಡ ನಿಘಂಟಿಗೆ ನಮೂದು ಬರೆಯುವುದು ನನ್ನ ಕೆಲಸ. ಇಲ್ಲಿ ಉದ್ದುದ್ದ ಪದಗಳು ಅಷ್ಟು ಕಾಡುವುದಿಲ್ಲ. ಕಾಡುವುದು ಚಿಕ್ಕ ಪದಗಳು. ‘ಪಗ್’ ಅಂಥದ್ದೊಂದು. ಚಪ್ಪಟೆ ಮುಖದ ನಾಯಿ ಅಂತ ಎಲ್ಲರಿಗೂ ಗೊತ್ತು. ಆದರೆ ಆಡುಮಾತಿನ ಇಂಗ್ಲಿಷಿನಲ್ಲಿ ಪಗ್ ಅಂದರೆ ಬಾಕ್ಸರ್ ಕೂಡ ಹೌದು. ಹಳೆಯ ಬಾಕ್ಸಿಂಗ್ ಬರಹಗಳಲ್ಲಿ, ಪತ್ತೇದಾರಿ ಕಥೆಗಳಲ್ಲಿ ಈ ಅರ್ಥ ಎದುರಾಗುತ್ತದೆ.

ಈ ಪಗ್ ಹುಟ್ಟಿದ್ದು ಬಾಕ್ಸರ್ ಎಂದೇ ಅರ್ಥವಿರುವ ‘ಪ್ಯೂಜಿಲಿಸ್ಟ್’ (pugilist) ಎಂಬ ಪದವನ್ನು ತುಂಡು ಮಾಡಿ. ಒಂದು ಸಂಗತಿ ಗಮನಿಸಿ. ಪ್ಯೂಜಿಲಿಸ್ಟ್ ಅನ್ನುವಾಗ ‘ಗ’ಕಾರ ಕೇಳಿಸುವುದೇ ಇಲ್ಲ, ಅಲ್ವಾ? ಹಾಗಿದ್ದರೆ ಪಗ್ ಎಲ್ಲಿಂದ ಬಂತು? ಕಾಗುಣಿತದಿಂದ. ಬರೆಯುವಾಗ ಮೊದಲು ಬರುವ ಮೂರು ಇಂಗ್ಲಿಷ್ ಅಕ್ಷರಗಳನ್ನು ಉಳಿಸಿಕೊಂಡು, ಅವನ್ನೇ ನೇರವಾಗಿ ಓದಿದರೆ ಪಗ್ ಆಗುತ್ತದೆ. ಅಂದರೆ ಇದು ಕಿವಿಗಿಂತ ಕಣ್ಣು ಮಾಡಿದ ಮೊಟಕು. ನನಗೆ ಇಂಥವು ಸಿಕ್ಕಿದರೆ ಆ ದಿನವೆಲ್ಲ ಖುಷಿ.

ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ ‘ಪುಗಿಲ್’ ಸಿಗುತ್ತದೆ. ಮುಷ್ಟಿಕಾಳಗ ಆಡುವವನು ಅಂತ ಅರ್ಥ. ‘ಪುಗ್ನುಸ್’ ಅಂದರೆ ಮುಷ್ಟಿ. ಜಗಳಗಂಟನಿಗೆ ಹೇಳುವ ‘ಪಗ್ನೇಷಸ್’, ಅಸಹ್ಯ ಹುಟ್ಟಿಸುವುದಕ್ಕೆ ಹೇಳುವ ‘ರಿಪಗ್ನೆಂಟ್’ ಎರಡೂ ಇದೇ ಮನೆಯವು. ಎರಡನೆಯದಕ್ಕೆ ಮೂಲದಲ್ಲಿ ಎದುರು ನಿಂತು ಹೋರಾಡುವುದು ಎಂಬ ಅರ್ಥವಿತ್ತು.

ಇಂಗ್ಲಿಷಿಗೆ ಪ್ಯೂಜಿಲಿಸ್ಟ್ ಬಂದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಪಗ್ ಬಂದದ್ದು 19ನೇ ಶತಮಾನದ ನಡುವೆ. ಆಗಿನ್ನೂ ಬರಿಗೈ ಗುದ್ದಾಟದ ಕಾಲ. ಕೈಗವಸು ಹಾಕಿಯೇ ಆಡಬೇಕು ಎಂಬ ಕ್ವೀನ್ಸ್‌ಬೆರಿ ನಿಯಮಗಳು ಪ್ರಕಟವಾದದ್ದು 1867ರಲ್ಲಿ. ಬರಿಗೈಯ ಏಟಿಗೆ ಮೂಗು ಮುರಿದು ಚಪ್ಪಟೆಯಾಗುವುದು ಮಾಮೂಲಿ.

ದಾರಿ ತಪ್ಪುವುದು ಇಲ್ಲೇ. ಬಾಕ್ಸರನ ಮೂಗು ಚಪ್ಪಟೆ, ನಾಯಿಯ ಮೂಗೂ ಚಪ್ಪಟೆ. ಹಾಗಾಗಿ ನಾಯಿಯಿಂದಲೇ ಬಾಕ್ಸರನಿಗೆ ಹೆಸರು ಬಂತು ಅಂತ ಯಾರಾದರೂ ಹೇಳಿದರೆ ತಕ್ಷಣ ನಂಬಬೇಕು ಅನಿಸುತ್ತದೆ. ಇದನ್ನೇ ತಿರುಗಿಸಿ, ನಾಯಿಯ ಮುಖ ಬಿಗಿದ ಮುಷ್ಟಿಯಂತಿದೆ, ಅದಕ್ಕೇ ಲ್ಯಾಟಿನ್ ಮುಷ್ಟಿಯಿಂದ ಪಗ್ ಆಯಿತು ಅನ್ನುವವರೂ ಇದ್ದಾರೆ. ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಒಂದೇ ಮಾತು: ಹೋಲಿಕೆ ಆಮೇಲೆ ನೋಡಿ, ಮೊದಲು ಇಸವಿ ನೋಡಿ. ನಾಯಿಗೆ ಈ ಹೆಸರು 18ನೇ ಶತಮಾನದಲ್ಲೇ ಇತ್ತು. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ ತನ್ನ ಪಗ್ ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡ ಸ್ವಂತ ಚಿತ್ರ ಬರೆದದ್ದು 1745ರಲ್ಲಿ. ಅದಕ್ಕೂ ಮುಂಚೆ ಪಗ್ ಅನ್ನುವುದು ಮುದ್ದಿನ ಕರೆಯಾಗಿತ್ತು. ಪುಟ್ಟ ದೆವ್ವಕ್ಕೆ, ಕೋತಿಗೆ ಕೂಡ ಹಾಗೇ ಅನ್ನುತ್ತಿದ್ದರು. ಈ ಸಾಲಿನಲ್ಲಿ ಮುಷ್ಟಿಯ ಸುಳಿವೇ ಇಲ್ಲ. ಎರಡೂ ಬೇರೆ ಬೇರೆ ಪದಗಳು, ಕಾಗುಣಿತ ಮಾತ್ರ ಒಂದು. ಎರಡೂ ಬಳಕೆಯಲ್ಲಿ ಅಕ್ಕಪಕ್ಕ ನಿಂತ ಮೇಲೆ ಚಪ್ಪಟೆ ಮೂಗಿನ ಚಿತ್ರ ಬಾಕ್ಸರನಿಗೂ ಅಂಟಿಕೊಂಡಿರಬಹುದು. ಆದರೆ ಅದು ಹುಟ್ಟಿನ ಕಥೆ ಅಲ್ಲ. ಅಂದಹಾಗೆ, ಬಾಕ್ಸರ್ ಎಂಬ ಹೆಸರಿನ ನಾಯಿತಳಿಯೂ ಇದೆ. ಅದು 19ನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ರೂಪುಗೊಂಡದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ಹುಲಿಯ ಹೆಜ್ಜೆಗುರುತಿಗೆ ಹೇಳುವ ‘ಪಗ್‌ಮಾರ್ಕ್’ನ ಪಗ್ ಹಿಂದಿಯಿಂದ ಹೋದದ್ದು, ಅಲ್ಲಿ ಅದು ಪಾದ. ಜೇಡಿಮಣ್ಣು ಕಲಸುವ ಯಂತ್ರಕ್ಕೂ ‘ಪಗ್ ಮಿಲ್’ ಅನ್ನುತ್ತಾರೆ. ಹೀಗಾಗಿ ಇವೆಲ್ಲವನ್ನೂ ಒಂದೇ ನಮೂದಿನಡಿ ಅರ್ಥ 1, ಅರ್ಥ 2 ಅಂತ ಪೇರಿಸಬಾರದು. ಪ್ರತಿಯೊಂದಕ್ಕೂ ತನ್ನದೇ ನಮೂದು, ಪದದ ತಲೆಯ ಮೇಲೆ ಸಣ್ಣ ಅಂಕಿ.

ಮೂಲ ಗೊತ್ತಾದರೂ ಕನ್ನಡದಲ್ಲಿ ಏನು ಬರೆಯುವುದು ಎಂಬ ಪ್ರಶ್ನೆ ಉಳಿಯುತ್ತದೆ. ‘ಪೈಲ್ವಾನ್’, ‘ಜಟ್ಟಿ’ ಎರಡೂ ಕುಸ್ತಿಯವು, ಆಗುವುದಿಲ್ಲ. ‘ಮುಷ್ಟಿಪಟು’ವಿನಲ್ಲಿ ಗೌರವ ಇದೆ, ಪಗ್‌ನಲ್ಲಿ ಅದಿಲ್ಲ. ದುಡ್ಡಿಗಾಗಿ ರಿಂಗಿಗಿಳಿದು ಏಟು ತಿಂದು ತಿಂದು ಸವೆದವನನ್ನು ಹಗುರವಾಗಿ ಕರೆಯುವ ಧಾಟಿ ಅದರದು.

“ಸರ್, ಗುದ್ದಾಟದವನು ಅಂದ್ರೆ ಆಗಲ್ವಾ?” ಅಂತ ಜೊತೆಯ ಹುಡುಗಿ ಕೇಳಿದಳು.

“ಗುದ್ದಾಟ ಬೀದೀಲೂ ನಡೆಯುತ್ತಮ್ಮ. ಇವನಿಗೆ ರಿಂಗ್ ಬೇಕು,” ಅಂದೆ.

ಕೊನೆಗೆ ‘ಬಾಕ್ಸರ್’ ಅಂತಲೇ ಬರೆದು, ಮುಂದೆ ‘ಆಡುಮಾತು, ಹಗುರವಾಗಿ’ ಎಂಬ ಗುರುತು ಹಾಕಿದೆವು. ಆ ಗುರುತನ್ನು ಸುಮ್ನೆ ಹಾಕಿದ್ದಲ್ಲ. ಅದಿಲ್ಲದಿದ್ದರೆ ಅನುವಾದ ಮಾಡುವವರು ಚಾಂಪಿಯನ್ನನ ಬಗ್ಗೆ ಹೊಗಳಿ ಬರೆಯುವಾಗ ಇದನ್ನೇ ಎತ್ತಿಕೊಳ್ಳುವ ಅಪಾಯ ಇದೆ.

ಈಗ ಮೇಜಿನ ಮೇಲಿರುವುದು ‘ಪ್ಲಗ್-ಅಗ್ಲಿ’. ರೌಡಿ ಅಂತ ಅರ್ಥ. ಕೇಳಲು ಪಗ್‌ನ ತಮ್ಮನಂತೆ ಇದೆ. ಆದರೆ 1850ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ‘ಪ್ಲಗ್ ಅಗ್ಲೀಸ್’ ಎಂಬ ಪುಂಡರ ಗುಂಪು ಇತ್ತು. ಹಾಗಾಗಿ ಪಗ್‌ನ ಪಕ್ಕ ಅದನ್ನು ಸೇರಿಸಿಲ್ಲ, ಬೇರೆಯೇ ಇಟ್ಟಿದ್ದೇವೆ.