ಹಳೆಯ ಜಪಾನಿ ಕಾರುಗಳ ಮರವಂತೆ ಸವಾರಿ

ಹಳೆಯ ಜಪಾನಿ ಮೂಲದ ಕಾರುಗಳನ್ನು ಇಟ್ಟುಕೊಂಡಿರುವ ನಾವು ಕೆಲವರು ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಮಂಗಳೂರಿನಿಂದ ಮರವಂತೆಗೆ ಹೋಗಿಬರುವುದೆಂದು ನಿಶ್ಚಯಿಸಿದ್ದು, ಅದರ ಏರ್ಪಾಟಿನ ಹೊಣೆ ನನ್ನ ಪಾಲಿಗೆ ಬಂದಿದೆ. ನಮ್ಮ ಕಡೆ ಹಳೆಯ ಜಪಾನಿ ಕಾರೆಂದರೆ ನಿಸ್ಸಾನ್ ಕಂಪನಿಯ ಹೆಸರಾಂತ ಸ್ಕೈಲೈನ್ ಅಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, 1985ರ ಜಿಪ್ಸಿ, 1990ರ ಮಾರುತಿ 1000, ಮತ್ತು ಸ್ವಲ್ಪ ಉದಾರವಾಗಿ ನೋಡಿದರೆ 1998ರ ಹೋಂಡಾ ಸಿಟಿ. ಇವನ್ನೆಲ್ಲ ಕ್ಲಾಸಿಕ್ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ 1986ರಲ್ಲೇ ಹೊಸ ಮಾದರಿಗೆ ಜಾಗ ಬಿಟ್ಟುಕೊಟ್ಟ ಎಸ್‌ಎಸ್80, ಅಂದರೆ ಮಾರುತಿ 800ರ ಮೊದಲ ಮಾದರಿ, ಇಂದು ಓಡುವ ಸ್ಥಿತಿಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ನನಗೆ ಅಷ್ಟು ಸಾಕು.

ಗುಂಪಿನ ವೇಗವನ್ನು ನಿರ್ಧರಿಸಬೇಕಾದದ್ದು ಅತಿ ನಿಧಾನದ ಕಾರು ಎಂಬುದು ನನ್ನ ಹಟ. 796 ಸಿಸಿ ಎಂಜಿನ್, ನಾಲ್ಕೇ ಗೇರುಗಳ 800ನ್ನು ಸಾಲಿನ ಕೊನೆಗೆ ಹಾಕಿದರೆ ಮುಂದಿನ ಸಿಟಿಯನ್ನು ಹಿಡಿಯುವ ಆತುರದಲ್ಲಿ ಅದು ಬಳಲುತ್ತದೆ. ಆದ್ದರಿಂದ ದಾರಿ ತೋರುವ ಕಾರಿನ ಬೆನ್ನಿಗೇ ಅದು ಇರಬೇಕು. ಉಡುಪಿ ರಸ್ತೆಯ ಎಕ್ಸ್‌ಪ್ರೆಸ್ ಬಸ್ಸುಗಳ ಜೊತೆ ಪೈಪೋಟಿಗೆ ಇಳಿಯುವ ಆಸೆಯಿರುವವರು ಬೇರೆ ದಿನ ನೋಡಿಕೊಳ್ಳಲಿ. ಹೆಜಮಾಡಿ ಮತ್ತು ಸಾಸ್ತಾನದ ಟೋಲ್‌ಗಳಲ್ಲಿ ಒಬ್ಬರ ಫಾಸ್ಟ್ಯಾಗ್ ಕೆಲಸ ಮಾಡದಿದ್ದರೂ ಸಾಲು ಎರಡಾಗುವುದರಿಂದ, ಪ್ರತಿ ಟೋಲ್ ದಾಟಿದ ಮೇಲೆ ಎಲ್ಲರೂ ಸೇರುವ ಜಾಗವನ್ನು ಮೊದಲೇ ಗುರುತಿಸಿಟ್ಟಿದ್ದೇನೆ.

ಬೆಳಿಗ್ಗೆ ಆರಕ್ಕೆ ಪಣಂಬೂರಿನಿಂದ ಹೊರಡಬೇಕೆಂದಾಗ ಕೆಲವರು ಗೊಣಗಿದರು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಹಳೆಯ ಬಗೆಯ ಕಾರ್ಬುರೇಟರ್ ಇರುವ ಕಾರುಗಳಿಗೆ ಕರಾವಳಿಯ ಬಿಸಿಲು ಆಗಿಬರುವುದಿಲ್ಲ: ಎಂಜಿನ್ನಿಗೇ ಅಂಟಿಕೊಂಡಿರುವ ಪೆಟ್ರೋಲ್ ಪಂಪ್ ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಟ್ರಾಫಿಕ್‌ನಲ್ಲಿ ನಿಂತ ಗಾಡಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಗ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುವುದೇ ನಮ್ಮ ಮೆಕ್ಯಾನಿಕ್‌ಗಳ ಹಳೆಯ ಮದ್ದು. ಬಟ್ಟೆ, ನೀರು, ಫ್ಯಾನ್‌ಬೆಲ್ಟ್, ಒಂದೆರಡು ಅಡಿ ಹೊಸ ಪೆಟ್ರೋಲ್ ಪೈಪ್ ಎಲ್ಲರ ಡಿಕ್ಕಿಯಲ್ಲೂ ಇರಲಿ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ಬೇಗ ಹಾಳಾಗುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗಳ ಆರ್‌ಸಿ ನವೀಕರಣ, ವಿಮೆ, ಹೊಗೆ ತಪಾಸಣೆಯ ಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ತಿಂಡಿಗೆ ಕಾಪುವಿನಲ್ಲಿ ನಿಲ್ಲೋಣ. 1901ರ ದೀಪಸ್ತಂಭದ ಬಳಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವ ಆಸೆಯೂ ಅಲ್ಲೇ ತೀರಲಿ. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಹೆದ್ದಾರಿಯಲ್ಲಿ ಮನಸ್ಸಿಗೆ ಬಂದಲ್ಲಿ ನಿಲ್ಲಿಸುವುದು ಅಪಾಯಕರವಾದ್ದರಿಂದ, ಅಲ್ಲಿ ಗುಂಪು ಫೋಟೊ ಬೇಡ.

ಆಗುಂಬೆಗೆ ಹೋಗೋಣವೆಂದವರೂ ಇದ್ದರು. ಹದಿನಾಲ್ಕು ತಿರುವುಗಳನ್ನು ಹತ್ತುವುದಕ್ಕಿಂತ, ಹಳೆಯ ಬ್ರೇಕುಗಳನ್ನು ನಂಬಿ ಇಳಿಯುವುದು ನನಗೆ ಚಿಂತೆಯ ವಿಷಯ. ಮರವಂತೆಗೆ ಹೋಗಿಬಂದು ಯಾರ ಬ್ರೇಕು ಹೇಗಿದೆ ಎಂದು ತಿಳಿದ ಮೇಲೆ ಅದನ್ನು ಮಾತಾಡೋಣ. ಸದ್ಯಕ್ಕೆ, ಮರಳಿದ ಮರುದಿನವೇ ಎಲ್ಲರೂ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿದ ಫ್ಲೋರ್ ಶೀಟಿಗೆ ವೆಲ್ಡಿಂಗ್ ಮಾಡಿಸುವ ಖರ್ಚಿನ ಮುಂದೆ ವಾಟರ್ ಸರ್ವಿಸ್‌ನ ದುಡ್ಡು ಏನೇನೂ ಅಲ್ಲ.