ಕಂಪ್ಯೂಟರ್ ಕಲಿಯುವವರಿಗೆ ಮೊದಲು ಫೋಲ್ಡರ್ ತೋರಿಸಿ

ನಮ್ಮ ತೀರ್ಥಹಳ್ಳಿ ಕಡೆ ಮೊಬೈಲ್ ಬಾರದವರು ಈಗ ಕಡಿಮೆ. ಬೆಳಿಗ್ಗೆ ಅಡಿಕೆ ಧಾರಣೆ ನೋಡುತ್ತಾರೆ, ಮಳೆ ಎಷ್ಟಾಯ್ತು ಅಂತ ವಾಟ್ಸಾಪಿನಲ್ಲಿ ಹಾಕುತ್ತಾರೆ, ಅಂಗಡಿಗೆ ದುಡ್ಡೂ ಫೋನಲ್ಲೇ. ಅದೇ ಜನ ಕಂಪ್ಯೂಟರ್ ಮುಂದೆ ಕೂತರೆ ಮುಟ್ಟಲು ಹೆದರುತ್ತಾರೆ. ಮಗನೋ ಮಗಳೋ ಬೆಂಗಳೂರಲ್ಲಿ ಹೊಸದು ತಗೊಂಡು ಹಳೇದನ್ನು ಊರಿಗೆ ತಂದಿಟ್ಟು ಹೋಗಿರುತ್ತಾರೆ, ಅದು ಮೇಲೊಂದು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ನನಗೆ ಇದು ನೋಡಲಾಗುವುದಿಲ್ಲ. ತೋಟದ ಲೆಕ್ಕ, ಸಂಘದ ನಡಾವಳಿ, ಪಹಣಿ, ಎಲ್ಲವನ್ನೂ ಅಚ್ಚುಕಟ್ಟಾಗಿ ಇಟ್ಟುಕೊಳ್ಳಲು ಅದಕ್ಕಿಂತ ಒಳ್ಳೆ ಸಾಧನ ಮನೆಯಲ್ಲಿ ಇನ್ನೊಂದಿಲ್ಲ.

ಕಲಿಸುವವರು ಸಾಮಾನ್ಯವಾಗಿ ಟೈಪಿಂಗಿನಿಂದಲೋ ವರ್ಡ್‌ನಿಂದಲೋ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ಹೇಳಿಕೊಡಬೇಕಾದ್ದು ಒಂದೇ: ಫೈಲು ಎಲ್ಲಿರುತ್ತದೆ ಅನ್ನೋದು.

ಯಾಕೆಂದರೆ ಮೊಬೈಲು ಅದನ್ನು ಮುಚ್ಚಿಡುತ್ತದೆ. ಫೋಟೋ ಬೇಕಾದರೆ ಗ್ಯಾಲರಿ, ಬಂದ ಪತ್ರ ಬೇಕಾದರೆ ವಾಟ್ಸಾಪ್. ಅದು ಯಾವ ಜಾಗದಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ದೊಡ್ಡಪ್ಪ ಪಹಣಿ ಡೌನ್‌ಲೋಡ್ ಮಾಡಿ, "ಎಲ್ಲಿ ಹೋಯ್ತೋ ಮಾರಾಯ ಅದು?" ಅಂತ ಕೇಳಿ, ಸಿಗಲಿಲ್ಲ ಅಂತ ಮತ್ತೆ ಡೌನ್‌ಲೋಡ್ ಮಾಡುತ್ತಿದ್ದರು. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದರೆ ಅದೇ ಹೆಸರು, ಕೊನೆಗೆ 1, 2, 3 ಅಂತ ಅಂಕಿ ಹಾಕಿಕೊಂಡು ಸಾಲಾಗಿ ಕೂತಿತ್ತು. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೋಲ್ಡರುಗಳ ಕಿಟಕಿ ತೆರೆಯುತ್ತದೆ ಅಂತ ತೋರಿಸಿದೆ. ಆಮೇಲೆ ಅವರು ನನ್ನನ್ನು ಕರೆಯುವುದೇ ಕಡಿಮೆಯಾಯಿತು.

ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ತರ ಇವೆಯಲ್ಲ, ಎಲ್ಲಾ ಒಂದೇ ಚೀಲಕ್ಕೆ ತುಂಬುತ್ತೀರಾ ಅಂತ ಕೇಳಿದರೆ ಫೋಲ್ಡರ್ ಯಾಕೆ ಬೇಕು ಅನ್ನೋದು ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ. ಡಾಕ್ಯುಮೆಂಟ್ಸ್ ಒಳಗೆ ತೋಟ, ಬ್ಯಾಂಕು, ಸಂಘ ಅಂತ ಮೂರು ಫೋಲ್ಡರ್ ಮಾಡಿಸಿ. ಹೆಸರು ಕನ್ನಡದಲ್ಲೇ ಇರಲಿ, ಏನೂ ತೊಂದರೆಯಿಲ್ಲ. ಹೆಸರು ಬದಲಿಸಲು ಎಫ್ 2 ಕೀ ಒತ್ತಿದರಾಯಿತು. ಒಂದು ಮಾತ್ರ ಮೊದಲೇ ಹೇಳಿಬಿಡಿ: ತಾರೀಕನ್ನು 12/06/2025 ಅಂತ ಓರೆಗೆರೆ ಹಾಕಿ ಬರೆಯಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ, ಆ ಗುರುತನ್ನು ಅದು ಹೆಸರಿನಲ್ಲಿ ಬಿಡುವುದೇ ಇಲ್ಲ. 2025-06-12 ಅಂತ ಬರೆದರೆ ಒಪ್ಪುತ್ತದೆ, ಜೊತೆಗೆ ಫೈಲುಗಳು ತಾವಾಗೇ ತಾರೀಕಿನ ಕ್ರಮದಲ್ಲಿ ನಿಲ್ಲುತ್ತವೆ.

ಹೆದರಿಕೆ ಹೋಗಿಸಲು ಕಂಟ್ರೋಲ್ ಝಡ್, ಅಂದರೆ ಕಂಟ್ರೋಲ್ ಕೀ ಜೊತೆ ಝಡ್ ಒತ್ತುವುದನ್ನು ಕಲಿಸಿ. ಅಳಿಸಿದ್ದನ್ನು, ತಪ್ಪಾಗಿ ಎಳೆದು ಬೇರೆ ಕಡೆ ಹಾಕಿದ್ದನ್ನು ಅದು ವಾಪಸ್ ತರುತ್ತದೆ. ಡಿಲೀಟ್ ಮಾಡಿದ್ದು ರಿಸೈಕಲ್ ಬಿನ್ನಿನಲ್ಲಿ ಇರುತ್ತದೆ ಅಂತಲೂ ಹೇಳಿ, ಆದರೆ ಪೆನ್ ಡ್ರೈವಿನಿಂದ ಅಳಿಸಿದ್ದು ಅಲ್ಲಿಗೆ ಬರುವುದಿಲ್ಲ ಅನ್ನೋದನ್ನು ಮರೆಯದೆ ಸೇರಿಸಿ. ಕಿಟಕಿ ಸಣ್ಣದು ಮಾಡುವುದಕ್ಕೂ ಮುಚ್ಚುವುದಕ್ಕೂ ವ್ಯತ್ಯಾಸ ಇದೆ, ಸಣ್ಣದಾಗಿದ್ದು ಕೆಳಗಿನ ಪಟ್ಟಿಯಲ್ಲಿ ಇರುತ್ತದೆ. ಡಬಲ್ ಕ್ಲಿಕ್ ಎಲ್ಲ ಕೈಗೆ ತಾನಾಗೇ ಕೂರುತ್ತದೆ, ಅದಕ್ಕೆ ಜಾಸ್ತಿ ಹೊತ್ತು ಬೇಡ.

ಇನ್ನು ನಮ್ಮ ಮಳೆಗಾಲ. ಜೂನ್ ಬಂದರೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಡೆಸ್ಕ್‌ಟಾಪಿಗೆ ಲ್ಯಾಪ್‌ಟಾಪಿನ ಹಾಗೆ ಒಳಗೆ ಬ್ಯಾಟರಿ ಇರುವುದಿಲ್ಲ, ಸೇವ್ ಮಾಡದ ಕೆಲಸ ಆ ಕ್ಷಣಕ್ಕೇ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ನಾಲ್ಕು ಸಾಲು ಬರೆದರೆ ಒಂದು ಕಂಟ್ರೋಲ್ ಎಸ್. ಸಾಧ್ಯವಾದರೆ ಸಣ್ಣದೊಂದು ಯುಪಿಎಸ್ ತಗೊಳ್ಳಿ, ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು. ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಇಂಟರ್ನೆಟ್ಟಿನ ವೈರನ್ನೂ ಬಿಡಬೇಡಿ.

ಮೂಲೆಯ ಆ ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ, ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲವನ್ನು, ಅಂದರೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು, 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಪ್ರೊಸೆಸರ್ ತುಂಬಾ ಹಳೇದಾಗಿದ್ದರೆ ವಿಂಡೋಸ್ 11 ಅದಕ್ಕೆ ಹೊಂದುವುದಿಲ್ಲ. ಹಾಗಂತ ಗುಜರಿಗೆ ಹಾಕಬೇಡಿ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋದನ್ನು ಹಾಕಿಕೊಳ್ಳಬಹುದು. ಅದು ಉಚಿತ, ಎಡಗಡೆ ಕೆಳಗೆ ಮೆನು ಇರುವುದರಿಂದ ವಿಂಡೋಸ್ ನೋಡಿದವರಿಗೆ ಹೊಸದು ಅನ್ನಿಸುವುದಿಲ್ಲ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಅದೇ ಹೆಸರು, ಎಫ್ 2 ಅದೇ ಕೆಲಸ. ಫೋಲ್ಡರ್ ಕಲಿತವರಿಗೆ ಮತ್ತೆ ಮೊದಲಿಂದ ಕಲಿಯುವ ಕಷ್ಟ ಇಲ್ಲ, ಸಿ ಡ್ರೈವ್, ಡಿ ಡ್ರೈವ್ ಬದಲು ಹೋಮ್ ಅಂತ ಇರುತ್ತದೆ, ಅಷ್ಟೇ. ಕನ್ನಡ ಟೈಪಿಂಗಿಗೆ ಕೀಬೋರ್ಡ್ ಸೇರಿಸಿಕೊಳ್ಳಬಹುದು. ಕಂಪ್ಯೂಟರಿಗೆ ಹಾಕದೆಯೇ ಪೆನ್ ಡ್ರೈವಿನಿಂದ ನಡೆಸಿ ನೋಡಬಹುದು, ವೈಫೈ, ಪ್ರಿಂಟರ್ ಕೆಲಸ ಮಾಡುತ್ತವಾ ಅಂತ ಮೊದಲು ಹಾಗೆ ನೋಡಿಕೊಳ್ಳಿ. ಎಲ್ಲಾ ಸರಿ ಅನ್ನಿಸಿದರೆ, ಇನ್‌ಸ್ಟಾಲ್ ಒತ್ತುವ ಮುಂಚೆ ಹಳೇ ಫೋಟೋ, ಲೆಕ್ಕದ ಫೈಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ. ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆ ಅಲ್ಲೇ ಎದುರಿಗೆ ಇರುತ್ತದೆ, ಅದನ್ನು ಒತ್ತಿದ ಮೇಲೆ ಕಂಟ್ರೋಲ್ ಝಡ್ ಕೆಲಸಕ್ಕೆ ಬರುವುದಿಲ್ಲ.